ಎಂಟರ್ ಕೀ ಮೇಲಿನ ಅಂಗೈ

ಮರುಳಪ್ಪ ಮೇಷ್ಟ್ರು ಲ್ಯಾಬಿಗೆ ಬಂದರೆಂದರೆ ಅವರ ಅಂಗೈ ನಮ್ಮಲ್ಲಿ ಯಾರದಾದರೂ ಕೀಬೋರ್ಡಿನ ಎಂಟರ್ ಕೀ ಮೇಲೆ ಇರಲೇಬೇಕು. "ಮೊದ್ಲು ಬರಿ, ಆಮೇಲೆ ಒತ್ತು" ಎನ್ನುವುದು ಅವರ ಮಂತ್ರ. ನಮ್ಮ ಉತ್ತರವನ್ನು ಹಾಳೆಯಲ್ಲಿ ಬರೆಯದೆ ಒತ್ತಲು ಹೋದರೆ, "ಏನಮ್ಮ, ಲಾಟ್ರಿ ಟಿಕೆಟ್ ಉಜ್ತಿದೀಯಾ?" ಎಂದು ಗದರುತ್ತಿದ್ದರು.

ತುಮಕೂರಿನ ನಮ್ಮ ಕಾಲೇಜಿನಲ್ಲಿ ಅವರು ಕಲಿಸುತ್ತಿದ್ದದ್ದು ಮಾಲಿಕ್ಯುಲರ್ ಬಯಾಲಜಿ. ಅದಕ್ಕಾಗಿ ತಾವೇ ಒಂದು ಸಾಫ್ಟ್‌ವೇರ್ ಬರೆದಿದ್ದರು, ಅದೂ ಕುಣಿಗಲ್ ಬಸ್ಸಿನಲ್ಲಿ ತೊಡೆ ಮೇಲೆ ಲ್ಯಾಪ್‌ಟಾಪ್ ಇಟ್ಟುಕೊಂಡು. ಜೀನಿನ ಒಂದು ಅಕ್ಷರ ಬದಲಿಸಿದರೆ ಪ್ರೋಟೀನಿಗೆ ಏನಾಗುತ್ತದೆಂದು ಪರದೆ ತೋರಿಸುತ್ತಿತ್ತು. ಹೊಗಳಿದರೆ ಅವರ ಕಿವಿ ಕೆಂಪಾಗುತ್ತಿತ್ತು. ನಾವು ಬೇಕೆಂದೇ ಹೊಗಳುತ್ತಿದ್ದೆವು.

ಒಂದು ಮಧ್ಯಾಹ್ನ ಹದಿನೇಳನೇ ಸಮಸ್ಯೆ ಬಿಡಿಸುತ್ತಿದ್ದೆ. ಪ್ರೋಟೀನ್ ಅರ್ಧಕ್ಕೇ ನಿಲ್ಲುತ್ತದೆ ಎಂದು ಬರೆದು ಎಂಟರ್ ಒತ್ತಿದೆ. ಪರದೆಯಲ್ಲಿ ಅದು ಪೂರ್ತಿ ತಯಾರಾಯಿತು. ನನ್ನ ಉತ್ತರಕ್ಕೆ ಗೀಟು ಎಳೆದು ಪರದೆಯದನ್ನು ಬರೆದುಕೊಂಡೆ.

"ಯಾಕಮ್ಮ ಹೊಡ್ದಾಕ್ದೆ? ಸರಿಯಾಗೇ ಬರ್ದಿದ್ಯಲ್ಲ?"

"ಕಂಪ್ಯೂಟರ್ ಬೇರೆ ತೋರಿಸ್ತಲ್ಲ ಸಾರ್."

ಮೇಷ್ಟ್ರು ಪರದೆಗೆ ಬಗ್ಗಿದರು. ಅವರ ಮುಖ ಬಿಳಿಚಿಕೊಂಡದ್ದು ಕಂಡು ನನಗೆ ಹೆದರಿಕೆಯಾಯಿತು. ಪ್ರೋಟೀನ್ ಕಟ್ಟುವುದನ್ನು ನಿಲ್ಲಿಸುವ ಸಂಕೇತಗಳು ಮೂರು. ಅವುಗಳಲ್ಲೊಂದನ್ನು ಸಾಫ್ಟ್‌ವೇರಿಗೆ ಸೇರಿಸುವುದನ್ನೇ ಅವರು ಮರೆತಿದ್ದರು! ವರ್ಷಗಟ್ಟಲೆ ಪರದೆ ನೋಡಿಕೊಂಡೇ ಅಂಕ ಕೊಟ್ಟಿದ್ದರು.

"ಬರೀದೆ ಒತ್ತಿದೋನು ನಾನೇ ಕಣಮ್ಮ" ಎಂದು ಸ್ಟೂಲಿನ ಮೇಲೆ ಕುಸಿದರು. ಆಮೇಲೆ ಒಂದು ಹೆಸರು ಹೇಳಿದರು: ರುಕ್ಮಿಣಿ.

ರುಕ್ಮಿಣಿ ನಮಗಿಂತ ಎರಡು ವರ್ಷ ಮುಂದಿದ್ದವಳು, ಹಾಗಲವಾಡಿಯವಳು. ಇದೇ ಸಮಸ್ಯೆಯಲ್ಲಿ ತನ್ನ ಉತ್ತರ ಬಿಟ್ಟುಕೊಟ್ಟಿರಲಿಲ್ಲ. ಮೇಷ್ಟ್ರು ಸೊನ್ನೆ ಕೊಟ್ಟು, "ಕಂಪ್ಯೂಟರ್‌ಗಿಂತ ನೀನ್ ಬುದ್ಧಿವಂತೆನಾ?" ಎಂದು ತರಗತಿಯೆದುರು ಕೇಳಿದ್ದರಂತೆ. ಅವಳು ಮತ್ತೆ ಕಾಲೇಜಿಗೆ ಬರಲಿಲ್ಲ.

ಅವಳು ವಸಂತನರಸಾಪುರದ ಕಾರ್ಖಾನೆಯೊಂದರಲ್ಲಿ ಕೆಲಸಕ್ಕಿದ್ದಾಳೆಂದು ತಿಳಿಯಿತು. "ನೀನೂ ಬಾಮ್ಮ, ನಂಗೊಬ್ನಿಗೆ ಧೈರ್ಯ ಸಾಲ್ದು" ಎಂದು ಮೇಷ್ಟ್ರು ನನ್ನನ್ನೂ ಕರೆದೊಯ್ದರು. ಸಂಜೆ ಗೇಟಿನ ಬಳಿ, ಬರುವ ಹೋಗುವವರ ನಡುವೆಯೇ, ಅವಳ ಮುಂದೆ ಎಲ್ಲವನ್ನೂ ಒಪ್ಪಿಕೊಂಡರು. ಅವಳು ಅಳಲೂ ಇಲ್ಲ, ಬಯ್ಯಲೂ ಇಲ್ಲ.

"ನಂಗ್ ಅವತ್ತೇ ಗೊತ್ತಿತ್ತು ಸಾರ್. ನೀವು ಪುಸ್ತಕ ತೆಗ್ದೂ ನೋಡ್ಲಿಲ್ಲ."

"ವಾಪಸ್ ಬಾಮ್ಮ. ಫೀಸು ನಾನ್ ಕಟ್ತೀನಿ."

"ಈಗ ಮನೆ ನನ್ ಸಂಬಳದ ಮೇಲೆ ನಿಂತೈತೆ. ಬುಡಿ ಸಾರ್."

ಬಸ್ಸು ಬಂತು, ಹತ್ತಿ ಹೋದಳು. ನನಗೆ ಮೇಷ್ಟ್ರ ಮೇಲೆ ಸಿಟ್ಟು ಬಂದಿತ್ತು. ಆದರೆ ಅವಳ ಜಾಗದಲ್ಲಿ ನಾನಿದ್ದರೆ ತುಟಿಪಿಟಕ್ಕೆನ್ನದೆ ಗೀಟು ಎಳೆಯುತ್ತಿದ್ದೆ, ಎಳೆದೂ ಇದ್ದೆ.

ಹೋದ ವರ್ಷ ಮೇಷ್ಟ್ರು ನಿವೃತ್ತರಾದರು. ಓದು ಮುಗಿಸಿ ಮೇಷ್ಟ್ರಾದ ನಾನು ಈಗ ಅದೇ ಲ್ಯಾಬಿನಲ್ಲಿ ಪಾಠ ಮಾಡುತ್ತೇನೆ. ಮೊದಲ ದಿನ ಹದಿನೇಳನೇ ಸಮಸ್ಯೆ ತೆರೆದು, ಉತ್ತರ ಬರೆದು, ಎಂಟರ್ ಒತ್ತಿದೆ. ಪ್ರೋಟೀನ್ ಅರ್ಧಕ್ಕೆ ನಿಂತಿತು. ಕೆಳಗೆ, ನಾನೆಂದೂ ಕಂಡಿರದ ಎರಡು ಸಾಲು ಮೂಡಿದವು:

"ಇದನ್ನು ಸರಿಯಾಗಿ ಬಿಡಿಸಿದವಳು ಹಾಗಲವಾಡಿಯ ರುಕ್ಮಿಣಿ. ಅವಳಿಗೆ ಸೊನ್ನೆ ಕೊಟ್ಟವನು ನಾನು, ಮರುಳಪ್ಪ."