ಹೋಸ್ ಬಾಯಿಗೆ ಇಟ್ಟ ಕುಂಕುಮ

ನಮ್ಮವ್ವನ ಬಾಯಲ್ಲಿ ‘ಮೆಕ್ಯಾನಿಕ್’ ಎಂಬ ಮಾತು ಎರಡು ವರ್ಷ ಬರಲೇ ಇಲ್ಲ. ನೆಂಟರು ಯಾರಾದರೂ ‘ಮಗಳು ಏನ್ ಮಾಡ್ತಾಳೆ?’ ಎಂದು ಕೇಳಿದರೆ, ‘ಹರಿಹರದಾಗ ಒಂದು ಆಫೀಸಿಗೆ ಹೋಗ್ತಾಳ’ ಎಂದು ಹೇಳಿ, ಚಹಾ ಇಡುವ ನೆಪ ಮಾಡಿ ಒಳಗೆ ನಡೆದುಬಿಡುತ್ತಿದ್ದಳು. ಆ ‘ಆಫೀಸು’ ಎಂದರೆ ಹರಿಹರದ ಬಸ್ ನಿಲ್ದಾಣದ ಹಿಂದಿನ ಓಣಿಯ ಒಂದು ಶೆಟರ್ ಅಂಗಡಿ. ಹೊಟ್ಟೆ ಬಿಚ್ಚಿಕೊಂಡು ಕೂತ ಹಳೆ ಎ.ಸಿ.ಗಳು, ಮೂಲೆಯಲ್ಲಿ ಗ್ಯಾಸ್ ಸಿಲಿಂಡರು, ನಡುವೆ ಸ್ಟೂಲಿನ ಮೇಲೆ ನನ್ನ ಗುರು. ಊರೆಲ್ಲ ಅವರನ್ನು ಚಾಚಾ ಎನ್ನುತ್ತಿತ್ತು, ನಾನೂ ಹಾಗೇ ಕರೆದೆ.

ಅದಕ್ಕೂ ಮುಂಚೆ ನಾನು ದಾವಣಗೆರೆಯ ಬಟ್ಟೆ ಅಂಗಡಿಯೊಂದರಲ್ಲಿ ಸೀರೆ ಬಿಚ್ಚಿ ತೋರಿಸುತ್ತಿದ್ದೆ. ಒಂದು ಬೇಸಿಗೆ ಅಂಗಡಿಯ ಎ.ಸಿ. ಕೈಕೊಟ್ಟಿತು. ರಿಪೇರಿಗೆ ಬಂದ ಚಾಚಾಗೆ ಟಾರ್ಚ್ ಹಿಡಿದು ನಿಂತವಳು ನಾನು. ಅವರು ತಾಮ್ರದ ಪೈಪಿಗೆ ಸೋಪಿನ ನೊರೆ ಹಚ್ಚಿ, ಗುಳ್ಳೆ ಎದ್ದ ಕಡೆ ‘ಹಾಂ, ಇಲ್ಲೈತೆ ನೋಡು ಕಳ್ಳ’ ಎಂದು ನಕ್ಕರು. ಆ ನಗು ನೋಡಿಯೇ ಮನಸ್ಸು ಆ ಕೆಲಸದ ಕಡೆ ಜಾರಿತು. ‘ನನಗೂ ಕಲಿಸ್ತೀರಾ?’ ಎಂದೆ. ‘ಯಾಕ ಕಲಿಸಬಾರ್ದು? ನಾಳೆ ಬಾ’ ಎಂದರು.

ಅವ್ವ ರಂಪ ಮಾಡಿದಳು. ಮಂದಿ ಮನೆ ಗೋಡೆ ಏರೋದು ಹೆಣ್ಣುಮಕ್ಕಳು ಮಾಡೋ ಕೆಲಸವಾ ಎಂದು ಮೂರು ದಿನ ಮಾತು ಬಿಟ್ಟಳು. ನನಗೂ ಸಿಟ್ಟು ಕಡಿಮೆಯೇನಲ್ಲ, ನಾಲ್ಕನೇ ದಿನ ನಾನೇ ಮಾತು ಬಿಟ್ಟೆ. ಮೊದಲ ವರ್ಷದ ಆಯುಧಪೂಜೆಗೆ ನನ್ನ ಸಾಮಾನಿನ ಚೀಲ ಆವರಗೆರೆಯ ನಮ್ಮ ಮನೆಯ ಕಟ್ಟೆಯ ಮೇಲೆಯೇ ಉಳಿಯಿತು. ‘ಒಳಗ ತರಬ್ಯಾಡ ಅದನ್ನ’ ಎಂದಿದ್ದಳು. ಗಿರಾಕಿಗಳೂ ಅಷ್ಟೇ. ಚೀಲ ಹಿಡಿದು ಬಾಗಿಲಲ್ಲಿ ನಿಂತ ನನ್ನನ್ನು ನೋಡಿ ‘ಮೆಕ್ಯಾನಿಕ್ ಹಿಂದೆ ಬರ್ತಾರೇನಮ್ಮ?’ ಎನ್ನುವವರು. ‘ನಾನೇ ರೀ’ ಎಂದು ಹೇಳಿ ಹೇಳಿ ಸಾಕಾಗಿತ್ತು. ಅವರೆಲ್ಲ ಏನೆಂದರೂ ತಡೆದುಕೊಳ್ಳುತ್ತಿದ್ದೆ, ಅವ್ವ ಒಬ್ಬಳು ಒಪ್ಪಿದರೆ ಸಾಕಿತ್ತು.

ಎರಡನೇ ವರ್ಷ ಆಯುಧಪೂಜೆಯ ಬೆಳಿಗ್ಗೆ ಸ್ನಾನ ಮಾಡಿ ಬಂದು ನೋಡುತ್ತೇನೆ, ದೇವರ ಮುಂದೆ ಮಣೆಯ ಮೇಲೆ ನನ್ನ ಸ್ಪ್ಯಾನರು, ಪೈಪ್ ಕಟರು, ಗೇಜು ಎಲ್ಲ ಸಾಲಾಗಿ ಕೂತಿವೆ! ಒಂದೊಂದಕ್ಕೂ ಮೂರು ಬೆರಳಿನ ವಿಭೂತಿ, ಮೇಲೆ ಚೆಂಡುಹೂವು. ಗ್ಯಾಸ್ ತುಂಬುವ ಮೂರು ಹೋಸ್‌ಗಳ ಬಾಯಿಗೂ ಬಿಡದೆ ಕುಂಕುಮ.

‘ಇದೇನವ್ವ?’ ಎಂದೆ.

‘ಹಬ್ಬ ಐತೆ. ಕಬ್ಬಿಣಕ್ಕ ಪೂಜಿ ಮಾಡಬಾರ್ದಾ? ಸುಮ್ನೆ ಊದುಬತ್ತಿ ತಗೊಂಡ್ ಬಾ’ ಎಂದಳು, ನನ್ನ ಮುಖ ನೋಡದೆ.

ಸುಳ್ಳು ಯಾಕೆ ಹೇಳಲಿ, ಊದುಬತ್ತಿ ಹುಡುಕುವ ನೆಪದಲ್ಲಿ ಅಡುಗೆಮನೆಯಲ್ಲಿ ನಿಂತು ಅತ್ತೆ.

ಎರಡು ದಿನ ಬಿಟ್ಟು ಚಾಚಾ ಮೊದಲ ಬಾರಿಗೆ ನನ್ನೊಬ್ಬಳನ್ನೇ ಕೆಲಸಕ್ಕೆ ಕಳಿಸಿದರು. ದಾವಣಗೆರೆಯ ವಿದ್ಯಾನಗರದಲ್ಲಿ ನಿವೃತ್ತ ಟೀಚರಮ್ಮನೊಬ್ಬರ ಮನೆ. ಲೀಕ್ ಹುಡುಕಿದೆ, ಬೆಸೆದೆ, ಗ್ಯಾಸ್ ತುಂಬಿದೆ. ಅವ್ವ ಇಟ್ಟ ಕುಂಕುಮ ಒರೆಸಲು ಕೈ ಬರಲಿಲ್ಲ, ಹಾಗೇ ಹೋಸ್ ಸಿಕ್ಕಿಸಿದೆ. ರೂಮು ತಣ್ಣಗಾಯಿತು. ಟೀಚರಮ್ಮ ಮಜ್ಜಿಗೆ ಕೊಟ್ಟು ‘ಭೇಷ್’ ಎಂದರು. ಬಸ್ಸಿನಲ್ಲಿ ಹರಿಹರದವರೆಗೂ ನನ್ನಷ್ಟಕ್ಕೆ ನಗುತ್ತಾ ಹೋದೆ.

ನಾಲ್ಕನೇ ದಿನ ಅವರದೇ ಫೋನು: ಎ.ಸಿ. ಓಡುತ್ತಿದೆ, ತಂಪಿಲ್ಲ. ಚಾಚಾ ಜೊತೆಯಲ್ಲಿ ಬಂದರು. ಗ್ಯಾಸ್ ಹೋಗುವ ಸಣ್ಣ ಪೈಪಿನ ಮುಂದೆ ಜರಡಿಯಂಥದೊಂದು ಇರುತ್ತದೆ. ಅದನ್ನು ಕತ್ತರಿಸಿ ಬಿಳಿ ಬಟ್ಟೆಯ ಮೇಲೆ ಕೊಡವಿದರು. ಎಣ್ಣೆಯ ಜೊತೆ ಕೆಂಪಗೆ ಏನೋ ಬಿತ್ತು.

‘ಅರೆ, ಇದೇನ್ ಬೇಟಿ? ತುಕ್ಕು ಇಷ್ಟು ಕೆಂಪಗೆ ಇರಲ್ಲ.’

‘ಕುಂಕುಮ, ಚಾಚಾ. ಅವ್ವ ಪೂಜೆ ಮಾಡಿದ್ದಳು’ ಎಂದೆ. ಕೆಲಸ ಕೆಟ್ಟದ್ದಕ್ಕಿಂತ ಅವ್ವನದೇ ಹೆದರಿಕೆ. ಎರಡು ವರ್ಷದಲ್ಲಿ ಇದೇ ಮೊದಲ ಸಲ ನನ್ನ ಸಾಮಾನು ಮುಟ್ಟಿದ್ದಾಳೆ, ತನ್ನ ಕುಂಕುಮದಿಂದಲೇ ಹೀಗಾಯಿತು ಎಂದು ಗೊತ್ತಾದರೆ ಇನ್ನೊಮ್ಮೆ ಮುಟ್ಟುತ್ತಾಳೆಯೇ?

‘ಅವ್ವಂದೇನ್ ತಪ್ಪು?’ ಚಾಚಾ ರೇಗಿದರು. ‘ಹೋಸ್ ಸಿಕ್ಸೋಕೆ ಮೊದ್ಲು ಗ್ಯಾಸ್ ಬಿಟ್ಟು ಒಂದ್ಸಲ ಊದ್ಸು ಅಂತ ನೂರು ಸಲ ಹೇಳೀನಿ. ನಿನ್ ಲಕ್ಷ್ಯ ಎಲ್ಲಿತ್ತು?’

ಸಂಜೆಯವರೆಗೆ ಪೈಪೆಲ್ಲ ತೊಳೆದು, ಹೊಸ ಜರಡಿ ಬೆಸೆದು ಕೊಟ್ಟೆವು. ಏನಾಗಿತ್ತು ಎಂದು ಟೀಚರಮ್ಮ ಕೇಳಿದರು. ಚಾಚಾ ‘ಕಸ’ ಎನ್ನಲು ಹೋಗಿ ತಡೆದು, ‘ಒಳಗೆ ಸ್ವಲ್ಪ ಪುಡಿ ಕೂತಿತ್ತು ಮೇಡಂ, ನಮ್ಮದೇ ತಪ್ಪು’ ಎಂದರು. ಆ ಮನುಷ್ಯನ ಮೇಲೆ ನನಗಿದ್ದ ಪ್ರೀತಿ ಅವತ್ತು ಇಮ್ಮಡಿಯಾಯಿತು.

ಅವ್ವನಿಗೆ ನಾನು ಹೇಳಲಿಲ್ಲ. ಮುಂದಿನ ವರ್ಷ ಆಯುಧಪೂಜೆಯ ಹಿಂದಿನ ದಿನ ಚಾಚಾ ಕಾಗದದಲ್ಲಿ ಸುತ್ತಿದ ಮೂರು ಹಿತ್ತಾಳೆಯ ಮುಚ್ಚಳ ಕೊಟ್ಟರು. ‘ಹೋಸ್‌ಗೆ ಇವನ್ನ ಹಾಕಿ ಪೂಜೆಗಿಡು. ಅವ್ವ ಎಷ್ಟ್ ಬೇಕಾದ್ರೂ ಹಚ್ಲಿ.’

ಬೆಳಿಗ್ಗೆ ಕುಂಕುಮದ ಬಟ್ಟಲು ಹಿಡಿದು ಕೂತ ಅವ್ವನ ಕಣ್ಣು ನೇರ ಅಲ್ಲಿಗೇ ಹೋಯಿತು.

‘ಇವುಗಳ ಬಾಯಿ ಯಾಕ ಮುಚ್ಚೀದಿ?’

‘ಧೂಳು ಹೋಗಬಾರ್ದು ಅಂತ.’

‘ಹೋದ ವರ್ಷ ಧೂಳು ಇರ್ಲಿಲ್ಲೇನು? ನಿನ್ ಮುಖ ನೋಡಿದ್ರ ಗೊತ್ತಾಗ್ತೈತಿ. ನಿಜ ಹೇಳು.’

ನನಗೆ ಅವ್ವನ ಮುಂದೆ ಸುಳ್ಳು ನಿಲ್ಲುವುದಿಲ್ಲ. ಎಲ್ಲ ಹೇಳಿದೆ. ಅವಳು ಬಟ್ಟಲು ಕೆಳಗಿಟ್ಟಳು. ಮುಗಿಯಿತು, ಚೀಲ ಮತ್ತೆ ಕಟ್ಟೆಗೆ ಹೋಗುತ್ತದೆ ಎಂದುಕೊಂಡೆ.

‘ಅಲ್ಲಲೇ,’ ಅವ್ವನ ದನಿ ಏರಿತು, ‘ನಾ ಹಚ್ಚಿದ್ದು ನಿನ್ ಕಣ್ಣಿಗೆ ಕಾಣ್ಲಿಲ್ಲೇನು? ಊದಿ ಸಿಕ್ಕಿಸ್ಬೇಕು ಅಂತ ಅಷ್ಟೂ ತಿಳೀಲಿಲ್ಲಾ? ಎಂಥ ಮೆಕ್ಯಾನಿಕ್ಕೇ ನೀನು!’

ಬೈಯುತ್ತಲೇ ಮೂರೂ ಮುಚ್ಚಳಕ್ಕೆ ಒಂದೊಂದು ಬೊಟ್ಟು ಇಟ್ಟಳು.