ಬರಿಗೈಯಲ್ಲಿ ಹೊಳೆಗೆ ಹೋದಾಕೆ

ಮೊನ್ನೆ ಮೊಮ್ಮಕ್ಕಳು ನೀವು ತಂದುಕೊಟ್ಟ ಉಣ್ಣೆಯ ಸ್ವೆಟರನ್ನು ತೊಳೆದು ಹಿತ್ತಲ ತಂತಿಗೆ ಹಾಕಿದ್ದೆ. ಅಂದು ಬಿಸಿಲು ಸರಿಯಾಗಿ ಬೀಳಲಿಲ್ಲ. ಸಂಜೆ ತೆಗೆಯಲು ಹೋದರೆ ಇನ್ನೂ ಹಸಿಯಾಗಿಯೇ ಇತ್ತು. ಒಣಗಿದೆಯೋ ಇಲ್ಲವೋ ಎಂದು ಮುಖದ ಹತ್ತಿರ ಹಿಡಿದೆ. ನೆನೆದ ಉಣ್ಣೆಯ ವಾಸನೆ... ನಿಮ್ಮ ಅವ್ವ ಒಳಗಿನಿಂದ ಕರೆದಳಂತೆ, ನನಗೆ ಕೇಳಿಸಲಿಲ್ಲ. ಆ ವಾಸನೆಯಲ್ಲಿ ನಾನು ಎಷ್ಟೋ ವರ್ಷಗಳ ಹಿಂದಿನ ಹೊಳೆಯ ದಂಡೆಯ ಮೇಲಿದ್ದೆ. ಎದುರಿಗೆ ಮಗ್ಗುಲ ಮನೆಯ ಕಾಕು ಬರುತ್ತಿದ್ದಳು.

ನಾಲ್ಕು ಮಂದಿಯ ಮುಂದೆ ಕುಳಿತು ಮಾತಾಡಲು ನನಗೆ ಮೊದಲಿನಿಂದಲೂ ಸಂಕೋಚ. ಹಳ್ಳಿಯ ಸಾಲೆಯಲ್ಲಿ ಕಲಿತ ನಾಲ್ಕು ಅಕ್ಷರ ಇವೆಯಲ್ಲ, ಅದರಲ್ಲೇ ಬರೆದಿಡುತ್ತೇನೆ. ಕಾಕು, ಅಂದರೆ ಚಿಕ್ಕಮ್ಮ, ಎಂದು ಕರೆದರೂ ಈಕೆ ನಮ್ಮ ರಕ್ತಸಂಬಂಧಿಯಲ್ಲ. ಆದರೂ ಆಕೆಯ ಸಂಗತಿ ನಿಮಗೆ ಗೊತ್ತಿರಬೇಕು.

ನಾನು ತೇರದಾಳದ ಕಡೆಯವಳು. ಮದುವೆಯಾಗಿ ಬಂದದ್ದು ಹಿಪ್ಪರಗಿಯಿಂದ ಮೇಲಕ್ಕಿರುವ ಈ ಹೊಳೆಸಾಲಿನ ಊರಿಗೆ. ಜಮಖಂಡಿ ಸಂಸ್ಥಾನ ಹೋಗಿ ನಾವೆಲ್ಲ ಮುಂಬೈ ರಾಜ್ಯದವರಾಗಿದ್ದ ಕಾಲ ಅದು. ಬಂದ ಹೊಸತಿಗೆ ನನ್ನ ಕಣ್ಣಿಗೆ ಬಿದ್ದದ್ದು ಮಗ್ಗುಲ ಮನೆಯ ಕಾಕುವಿನ ರೀತಿ. ಹಣೆಯಲ್ಲಿ ಕುಂಕುಮ ಇತ್ತು, ಕೈಯಲ್ಲಿ ಹಸಿರು ಬಳೆ ಇದ್ದವು, ಮನೆಯಲ್ಲಿ ಗಂಡ ಇದ್ದರು. ಆದರೂ ಊರ ಹೆಂಗಸರೆಲ್ಲ ನೀರು ತಂದು ಮುಗಿಸಿದ ಮೇಲೆಯೇ ಆಕೆ ಕೊಡ ಎತ್ತಿಕೊಂಡು ಹೊಳೆಗೆ ಹೊರಡುತ್ತಿದ್ದಳು. ದಾರಿಯಲ್ಲಿ ಯಾರಾದರೂ ಎದುರು ಬಂದರೆ ಸರಸರ ಬದಿಗೆ ಇಳಿದು ಜಾಲಿಗಿಡದ ಮರೆಗೆ ನಿಲ್ಲುತ್ತಿದ್ದಳು. ಅವರು ದಾಟಿ ಹೋದ ಮೇಲೆ ಮತ್ತೆ ಮೇಲೆ ಬರುತ್ತಿದ್ದಳು.

ಒಂದು ದಿನ ಜೋಳ ಹಸನು ಮಾಡುವಾಗ ಅತ್ತೆಯನ್ನು, ಅಂದರೆ ನಿಮ್ಮ ಮುತ್ತಜ್ಜಿಯನ್ನು, ಕೇಳಿದೆ. ಅವರು ಮೊರದಿಂದ ತಲೆ ಎತ್ತಲಿಲ್ಲ.

“ಆಕಿ ಬಳಿ ಒಮ್ಮೆ ಒಡದಾವು,” ಅಂದರು.

ಸಂಗತಿ ಹೀಗಿತ್ತು. ಆಕೆಯ ಗಂಡ, ಕಾಕಾ, ಮಿಲಿಟರಿಯಲ್ಲಿದ್ದವರು. ದೊಡ್ಡ ಯುದ್ಧದಲ್ಲಿ ಅವರ ಪಲ್ಟನ್ನು ಇಟಲಿ ದೇಶಕ್ಕೆ ಹೋಗಿತ್ತು. ರಜೆಗೆ ಬಂದ ಮಗ್ಗುಲೂರಿನ ಸಿಪಾಯಿಯೊಬ್ಬ, ಗುಡ್ಡದ ಮೇಲೆ ಅವರು ಬಿದ್ದದ್ದನ್ನು ಕಣ್ಣಾರೆ ನೋಡಿದೆ, ಅಂವ ಉಳಿದಿಲ್ಲ, ಎಂದು ಹೇಳಿದ. ಸರಕಾರದಿಂದ ಖಬರು ಬರಲಿ ಎಂದು ಯಾರೂ ಕಾಯಲಿಲ್ಲ. ಹಿರಿಯರು ಕಾಕುವನ್ನು ಹೊಳೆಗೆ ಕರೆದೊಯ್ದು ಬಳೆ ಒಡೆಸಿ ಕುಂಕುಮ ಅಳಿಸಿದರು. ಆಕೆ ಹಾಗೆಯೇ ವರ್ಷಗಟ್ಟಲೆ ಇದ್ದಳು. ಯುದ್ಧ ಮುಗಿದ ಮೇಲೆ ಒಂದು ದಿನ ಕಾಕಾ ಕುಂಟುತ್ತ ಬಂದು ಸ್ವಂತ ಮನೆಯ ಬಾಗಿಲಲ್ಲಿ ನಿಂತರು. ಅವರು ಬರೆದ ಕಾಗದ ಒಂದೂ ಊರಿಗೆ ಮುಟ್ಟಿರಲಿಲ್ಲ.

ಬೀರೇಶ್ವರನ ಗುಡಿಯಲ್ಲಿ ಮತ್ತೆ ತಾಳಿ ಕಟ್ಟಿಸಿದರು, ಬಳೆ ಇಡಿಸಿದರು. ಅದೇನೋ ಆಯಿತು. ಆದರೆ ಊರ ಹೆಂಗಸರ ಮನಸ್ಸಿನಲ್ಲಿ ಒಂದು ಅಳುಕು ಉಳಿದುಬಿಟ್ಟಿತು. ಒಮ್ಮೆ ಒಡೆದ ಕೈಗೆ ಇಟ್ಟ ಬಳೆ ಲೆಕ್ಕಕ್ಕೆ ಬರುತ್ತವೋ ಇಲ್ಲವೋ ಯಾರಿಗೂ ಗೊತ್ತಿರಲಿಲ್ಲ. ಯಾರೂ ಆಕೆಗೆ ಏನೂ ಅನ್ನಲಿಲ್ಲ. ಅರಿಷಿಣ ಕುಂಕುಮಕ್ಕೆ ಕರೆಯಲಿಲ್ಲ, ಅಷ್ಟೇ. ಒಳ್ಳೆಯ ಕೆಲಸಕ್ಕೆ ಹೊರಟವರು ಆಕೆ ಎದುರಾದರೆ ಮನೆಗೆ ತಿರುಗಿ ಬಂದು, ಕುಳಿತು, ನೀರು ಕುಡಿದು ಮತ್ತೆ ಹೊರಡುತ್ತಿದ್ದರು. ಆಕೆಯೂ ಅದು ಸರಿಯೆಂದೇ ನಂಬಿದ್ದಳು. ಅದಕ್ಕೇ ಆ ಜಾಲಿಗಿಡ.

ಕಾಕಾ ಬೆಳಿಗ್ಗೆ ಹೊಳೆಯ ದಂಡೆಯ ಮೇಲೆ ತಿರುಗಾಡುತ್ತಿದ್ದರು. ಹೊಳೆಗಿಳಿಯುವ ಪಾವಟಿಗೆಯಿಂದ ದೋಣಿಯ ಕಟ್ಟೆಯವರೆಗೆ ಹೋಗುವುದು, ತಿರುಗಿ ಬರುವುದು. ನಮ್ಮೂರಲ್ಲಿ ಕೆಲಸವಿಲ್ಲದೆ ಹಾಗೆ ನಡೆದಾಡುವವರನ್ನು ಯಾರೂ ಕಂಡಿರಲಿಲ್ಲ.

“ಏನ ಮಿಲಿಟರಿ, ದಂಡಿ ಅಳತಿಗಿ ನಿನ್ನ ಸರಕಾರ ಇಟ್ಟೈತೇನು?” ಎಂದು ಕಟ್ಟೆಯ ಮೇಲೆ ಕುಳಿತವರು ಕೇಳುತ್ತಿದ್ದರು.

“ಹೂಂ. ನಿನ್ನ ಹೊಲಾನೂ ಅಳತಿಗಿ ಬಂದೈತಿ, ಕಾಗದಾ ತಗದ ಇಡ,” ಎಂದು ಕಾಕಾ ಮುಂದೆ ಹೋಗುತ್ತಿದ್ದರು.

ಅವರ ಹಿತ್ತಲಿಗೂ ನಮ್ಮ ಹಿತ್ತಲಿಗೂ ನಡುವೆ ಎದೆಯೆತ್ತರದ ಮಣ್ಣಿನ ಗೋಡೆ. ಆಕೆ ಹಿತ್ತಲ ಒಲೆಯಲ್ಲಿ ರೊಟ್ಟಿ ಬಡಿಯುವಾಗ ಕಾಕಾ ಹತ್ತಿರ ಕುಳಿತು ಮಾತಾಡುತ್ತಿದ್ದರು. ಈಚೆ ಬೆಳ್ಳುಳ್ಳಿ ಸುಲಿಯುತ್ತ ಕುಳಿತ ನನಗೆ ಎಲ್ಲ ಕೇಳುತ್ತಿತ್ತು. ಕಾಲಿಗೆ ಗುಂಡು ತಾಗಿ ಅವರು ಮಲಗಿದ್ದ ದವಾಖಾನೆ ಒಂದು ಸಮುದ್ರದ ದಂಡೆಯ ಊರಲ್ಲಿತ್ತಂತೆ.

“ಹಿಂದ ಗುಡ್ಡ, ಮುಂದ ಸಮುದ್ರ. ಗುಡ್ಡ ನೀರಾಗ ಕಾಲ ಇಳಿಬಿಟ್ಟಕೊಂಡ ಕುಂತಂಗ ಕಾಣತೈತಿ ನೋಡ. ಥಂಡಿ ಅಂದರ ಎಂಥಾ ಥಂಡಿ, ಮಾತಾಡಿದರ ಬಾಯಾಗಿಂದ ಹೊಗಿ. ದಂಡಿಗುಂಟ ಕಲ್ಲ ಹಾಸಿ ದಾರಿ ಮಾಡ್ಯಾರ. ಸಂಜಿಗಿ ಊರಿಗಿ ಊರ ಛಲೋ ಅರಿವಿ ಹಾಕ್ಕೊಂಡ ಬರತೈತಿ. ಗಂಡ ಹೆಂಡತಿ ಜೋಡೀಲೆ ನಡೀತಾರ. ಈ ತುದಿಗಿ ಬರತಾರ, ಆ ತುದಿಗಿ ಹೊಕ್ಕಾರ.”

“ಎಲ್ಲಿಗಿ ಹೋಗತಾರ್ರಿ?”

“ಎಲ್ಲಿಗೂ ಇಲ್ಲ.”

“ಅಲ್ಲಿ ಹೆಂಗಸರಿಗಿ ರೊಟ್ಟಿ ಬಡಿಯೂ ಕೆಲಸ ಇಲ್ಲೇನ್ರಿ?”

“ಅವರ ರೊಟ್ಟಿ ತಿನ್ನೂದಿಲ್ಲ.”

“ಅದಕ್ಕ ತಿರಗ್ಯಾಡತಾರ.”

ಕಾಕಾ ನಗುತ್ತಿದ್ದರು. ಗೋಡೆಯ ಈಚೆ ನಾನೂ ಸೆರಗು ಬಾಯಿಗೆ ಹಿಡಿದು ನಗುತ್ತಿದ್ದೆ. ಆ ಊರಿನ ಹೆಸರನ್ನು ಅವರು ಎಷ್ಟೋ ಸಲ ಹೇಳಿದ್ದರು... ನನ್ನ ನಾಲಿಗೆಗೆ ಹತ್ತಲಿಲ್ಲ.

ನೀನೂ ಬೆಳಿಗ್ಗೆ ನನ್ನ ಜೋಡಿ ದಂಡೆಗೆ ಬಾ ಎಂದು ಅವರು ದಿನವೂ ಕರೆಯುತ್ತಿದ್ದರು. ಆಕೆ ಒಲ್ಲೆ ಅನ್ನುತ್ತಿದ್ದಳು. ಕಡೆಗೆ ಪುಷ್ಯ ಮಾಸದ ಒಂದು ಮುಂಜಾನೆ ಹೊರಟಳು, ಆದರೆ ಬಗಲಲ್ಲಿ ಕೊಡ ಇಟ್ಟುಕೊಂಡು. ಕೊಡ ಇದ್ದರೆ ನೀರಿಗೆ ಹೊರಟಾಕೆ, ಇಲ್ಲದಿದ್ದರೆ ಅಡ್ಡಾಡಲು ಹೊರಟಾಕೆ. ನಮ್ಮ ಕಡೆ ಹೆಂಗಸು ಸುಮ್ಮನೆ ಹೊಳೆಗೆ ಹೋಗುವುದು ಎಂದರೆ ಏನೇನೋ ಅರ್ಥ ಆಗುತ್ತಿತ್ತು. ಮುಂದೆ ಮಿಲಿಟರಿಯ ಉದ್ದನೆಯ ಉಣ್ಣೆಯ ಕೋಟು ಹಾಕಿಕೊಂಡ ಕಾಕಾ, ಬಹಳ ಹಿಂದೆ ಕಂಬಳಿ ಹೊದ್ದ ಕಾಕು. ಆಕೆ ಜೋಡಿಗೆ ಬರಲೆಂದು ಅವರು ನಿಂತರೆ ಆಕೆಯೂ ಅಲ್ಲೇ ನಿಲ್ಲುತ್ತಿದ್ದಳು.

ಅದೇ ದಿನಗಳಲ್ಲಿ ಅತ್ತೆ ತಮ್ಮ ಮಗಳಿಗೆ ಗಂಡು ನೋಡಲು ದೋಣಿ ದಾಟಿ ಆಚೆ ದಂಡೆಯ ಊರಿಗೆ ಹೊರಟರು. ಬುತ್ತಿಯ ಗಂಟು ಹೊತ್ತು ನಾನು ದೋಣಿಯವರೆಗೆ ಕಳಿಸಲು ಹೋಗಿದ್ದೆ. ದಂಡೆಯ ಮೇಲೆ ಅವರಿಬ್ಬರೂ ಎದುರು ಬಂದರು. ಕಾಕು ನಮ್ಮನ್ನು ಕಂಡದ್ದೇ ರೂಢಿಯಂತೆ ಜಾಲಿಗಿಡದ ಕಡೆ ಇಳಿದಳು.

“ನಿಂದರ,” ಅಂದರು ಕಾಕಾ.

ಆಕೆ ಅರ್ಧ ಇಳಿದಲ್ಲೇ ನಿಂತಳು. ಅತ್ತೆಯೂ ನಿಂತರು. ಆಮೇಲೆ ತಿರುಗಿ ಮನೆಯ ದಾರಿ ಹಿಡಿದರು. ಗಂಟು ಹೊತ್ತ ನಾನೂ ಹಿಂದೆಯೇ ಬಂದೆ. ಅಂದು ಅವರು ನೀರು ಕುಡಿದು ಕುಳಿತವರು ಮತ್ತೆ ಏಳಲೇ ಇಲ್ಲ, ದೋಣಿ ಹೋಯಿತು.

ಸಂಜೆ ಗೋಡೆಯಾಚೆ ರೊಟ್ಟಿ ಬಡಿಯುತ್ತ ಕಾಕು ಅಂದಳು, “ಮಗ್ಗಲ ಮನಿ ಯಕ್ಕಾರ ತಪ್ಪಿಲ್ಲರಿ. ಅವರ ಜಾಗಾದಾಗ ನಾ ಇದ್ದರೂ ಹಂಗ ತಿರುಗಿ ಹೋಗತಿದ್ದೆ. ನಾಳಿಗಿಂದ ನನ್ನ ಕರೀಬ್ಯಾಡ್ರಿ.”

ಕಾಕಾ ಆಗ ಅಲ್ಲಿಯವರೆಗೆ ಹೇಳದ ಒಂದು ಸಂಗತಿ ಹೇಳಿದರು. ಅವರ ಧ್ವನಿ ಸಣ್ಣದಾಗಿತ್ತು.

“ಆ ಸಮುದ್ರದ ದಂಡಿಮ್ಯಾಲ ಕರೀ ಅರಿವಿ ಉಟ್ಟ ಹೆಂಗಸರೂ ಬರತಿದ್ದರು. ಖರೇನ ಗಂಡ ಸತ್ತವರು. ಅವರೂ ಎಲ್ಲಾರ ಜೋಡಿ ನಡೀತಿದ್ದರು. ಎದರ ಬಂದವರು ಟೊಪಿಗಿ ತಗದು ನಮಸ್ಕಾರ ಮಾಡಿ ಮುಂದ ಹೊಕ್ಕಿದ್ದರು. ಯಾರೂ ತಿರುಗಿ ಹೋಗಲಿಲ್ಲ. ಅವರನ್ನ ನೋಡಿದಾಗೆಲ್ಲಾ ನನಗ ನಿನ್ನ ನೆನಪ ಆಗತಿತ್ತು. ಯಾಕಂತ ತಿಳೀತಿರಲಿಲ್ಲ. ಇಲ್ಲಿ ನೀ ಗಿಡದ ಮರಿಗಿ ನಿಂತೀ ಅಂತ ನನಗೇನ ಗೊತ್ತು...”

ರೊಟ್ಟಿ ಬಡಿಯುವ ಸದ್ದು ನಿಂತಿತು. ಹಂಚಿನ ಮೇಲೆ ರೊಟ್ಟಿ ಹೊತ್ತಿದ ವಾಸನೆ ಬಂತು.

ಮುಂದೆ ಥಂಡಿ ಜೋರಾಯಿತು. ಕಾಕಾನ ಕಾಲು ಬಾತು ನಡೆಯಲಾಗದೆ ಅವರು ಹೊರಸು ಹಿಡಿದರು. ದಂಡೆಯ ಮೇಲೆ ತಿರುಗಾಡುವವರು ಯಾರೂ ಇಲ್ಲ ಎಂದಾಯಿತು. ಆಗ ಒಂದು ಮುಂಜಾನೆ ಅತ್ತೆಯೂ ನಾನೂ ನೀರು ತುಂಬಿಕೊಂಡು ಪಾವಟಿಗೆ ಹತ್ತಿ ಮೇಲೆ ಬಂದೆವು. ಮಂಜು ಎಷ್ಟಿತ್ತೆಂದರೆ ಹೊಳೆ ಎಲ್ಲಿ ಮುಗಿಯಿತು, ದಂಡೆ ಎಲ್ಲಿ ಹತ್ತಿತು ತಿಳಿಯುತ್ತಿರಲಿಲ್ಲ. ಆ ಮಂಜಿನೊಳಗಿಂದ ಕಾಕಾನ ಕೋಟು ಬರುವುದು ಕಂಡಿತು. ಹತ್ತಿರ ಬಂದಾಗ ನೋಡಿದರೆ ಕೋಟಿನೊಳಗೆ ಕಾಕು. ಸೀರೆಯ ಮೇಲೆ ಅದನ್ನು ಹಾಕಿಕೊಂಡಿದ್ದಳು, ತೋಳು ಉದ್ದವಾಗಿ ಬೆರಳು ಮುಚ್ಚಿದ್ದವು. ಜೋಡಿಗೆ ಯಾರೂ ಇರಲಿಲ್ಲ. ಬಗಲಲ್ಲಿ ಕೊಡವೂ ಇರಲಿಲ್ಲ.

ಕೆಳಗೆ ಬಟ್ಟೆ ಒಗೆಯುತ್ತಿದ್ದವರ ಕೈ ನಿಂತವು. ಅತ್ತೆ ನಿಂತರು. ಕಾಕುವಿನ ಪಾದ ಜಾಲಿಗಿಡದ ಕಡೆ ಒಂದಿಷ್ಟು ತಿರುಗಿದ್ದನ್ನು ನಾನು ನೋಡಿದೆ. ಆದರೆ ಆಕೆ ಇಳಿಯಲಿಲ್ಲ.

“ಕೊಡ ಎಲ್ಲೈತಿ?” ಅಂದರು ಅತ್ತೆ.

“ತಂದಿಲ್ಲರಿ ಯಕ್ಕಾ.”

“ಮತ್ತ ಎಲ್ಲಿಗಿ ಹೊಂಟಿ?”

“ಎಲ್ಲಿಗೂ ಇಲ್ಲರಿ. ದೋಣಿ ಕಟ್ಟಿತನಾ ಹೋಗಿ ಬರತೇನಿ.” ಆಕೆ ಕೋಟಿನ ತೋಳು ಮೇಲಕ್ಕೆ ಸರಿಸಿಕೊಂಡಳು. “ದಾರಿ ಅಗಲ ಐತ್ರಿ. ನೀವು ಆ ಕಡಿಂದ ಬರ್ರಿ, ನಾ ಈ ಕಡಿಂದ ಹೊಕ್ಕೇನಿ. ಯಾರೂ ತಿರುಗಿ ಹೋಗೂದ ಬ್ಯಾಡ. ನೀವು ತುಂಬಿದ ಕೊಡಾ ಹೊತ್ತ ನನಗ ಎದರ ಬಂದೀರಿ. ಇದಕ್ಕಿಂತ ಛಲೋ ಶಕುನ ನನಗ ಎಂದೂ ಆಗಿಲ್ಲ.”

ಎದುರು ಬಂದವರಿಗೆ ತಾನು ಏನು ಎಂದಷ್ಟೇ ಅಷ್ಟು ವರ್ಷ ಆಕೆ ಯೋಚಿಸಿದ್ದಳು. ಎದುರು ಬಂದವರು ತನಗೆ ಏನು ಎಂಬುದನ್ನು ಅಂದು ಮೊದಲ ಸಲ ಹೇಳಿದಳು. ಅತ್ತೆ ತಲೆಯ ಮೇಲಿನ ಕೊಡ ಸರಿಮಾಡಿಕೊಂಡರು. ಕೋಟನ್ನು ಮೇಲಿನಿಂದ ಕೆಳಗಿನವರೆಗೆ ನೋಡಿದರು.

“ಅದರಾಗ ಫೌಜದಾರ ಕಂಡಂಗ ಕಾಣತಿ,” ಅಂದರು. ಅಂದು ತಮ್ಮ ಬದಿಯಿಂದ ನಡೆದು ಮುಂದೆ ಬಂದರು. ತಿರುಗಿ ಹೋಗಲಿಲ್ಲ. ಕಾಕು ನನ್ನ ಮಗ್ಗುಲಿಂದ ದಾಟಿ ಹೋದಾಗ ಮಂಜಿಗೆ ನೆನೆದ ಆ ಕೋಟಿನ ವಾಸನೆ ಬಡಿಯಿತು... ಅದೇ ವಾಸನೆ.

ಅವತ್ತಿಗೆ ನಿಮ್ಮ ಅಪ್ಪ ನನ್ನ ಹೊಟ್ಟೆಯಲ್ಲಿದ್ದ. ಕೆಲವು ದಿನಗಳಲ್ಲಿ ನನ್ನ ಕುಬಸ, ಅಂದರೆ ಸೀಮಂತ, ಬಂತು. ಮಣೆಯ ಮೇಲೆ ಕೂಡಿಸಿ, ಹಸಿರು ಸೀರೆ ಉಡಿಸಿ, ಉಡಿ ತುಂಬಲು ಓಣಿಯ ಮುತ್ತೈದೆಯರೆಲ್ಲ ಸೇರಿದ್ದರು. ಅತ್ತೆ ಎದ್ದು ಮಗ್ಗುಲ ಮನೆಗೆ ಹೋದರು, ಕಾಕುವಿನ ಕೈ ಹಿಡಿದುಕೊಂಡೇ ಬಂದರು.

“ಮೊದಲಿನ ಉಡಿ ಈಕಿ ತುಂಬತಾಳ,” ಅಂದರು.

ಮೂಲೆಯಲ್ಲಿ ಯಾರೋ ಏನೋ ಗೊಣಗಿದರು. ಅತ್ತೆ ಆ ಕಡೆ ತಿರುಗಿದರು.

“ಸತ್ತಾನ ಅಂದಂವ ತಿರುಗಿ ಬಂದಾನ ಈಕಿಗಿ. ಇಂಥಾ ಮುತ್ತೈದಿ ನಿಮ್ಮೊಳಗ ಯಾರ ಅದೀರಿ, ಹೇಳ್ರಿ. ಆಕಿ ಕಡಿಂದ ತುಂಬಸ್ತೇನಿ.”

ಕಾಕು ನನ್ನ ಮುಂದೆ ಕುಳಿತಳು. ಹಾಕಿದ ಅಕ್ಕಿಕಾಳು ಅರ್ಧ ಉಡಿಗೆ, ಅರ್ಧ ನೆಲಕ್ಕೆ ಬಿದ್ದವು. “ತಡಿಯವ್ವಾ, ರೂಢಿ ತಪ್ಪೇತಿ,” ಎಂದು ಮೆಲ್ಲಗೆ ಅಂದಳು. ನಿಮ್ಮ ಅಪ್ಪನಿಗೆ ಮೊದಲ ಹಾರೈಕೆ ಆ ಕೈಯದು. ಇದಕ್ಕೇ ನಿಮಗೆ ಗೊತ್ತಿರಬೇಕು ಅಂದದ್ದು.

ಕಾಕಾನ ಕಾಲು ವಾಸಿಯಾದ ಮೇಲೆ ಅವರಿಬ್ಬರೂ ಜೋಡಿಯಲ್ಲೇ ತಿರುಗಾಡಿದರು, ಬಹಳ ವರ್ಷ. ಕಾಕಾ ನಿಜವಾಗಿ ಹೋದ ದಿನ ಬಳೆ ಒಡೆಯಲು ಹೆಂಗಸರು ಬಂದಾಗ ಕಾಕು ಕೈ ಹಿಂದೆ ತೆಗೆದುಕೊಂಡಳು. “ಇವರ ಸಲುವಾಗಿ ಒಮ್ಮೆ ಒಡದೀರಿ. ಒಬ್ಬ ಮನಷ್ಯಾಗ ಎಷ್ಟ ಸಲ?” ಅಂದಳು. ಅಳುತ್ತಲೇ ಅಂದಳು. ಆಮೇಲೆ ತಾನೇ ಸಾಬೂನು ಹಚ್ಚಿ ಒಂದೊಂದಾಗಿ ಕಳಚಿ ನನ್ನ ಕೈಗೆ ಕೊಟ್ಟಳು. ನಾನು ಅವನ್ನು ತೊಟ್ಟುಕೊಂಡೆ. ಅತ್ತೆ ನೋಡಿದರು, ಬೇಡ ಅನ್ನಲಿಲ್ಲ. ಕೆಲಸ ಮಾಡುತ್ತ ಮಾಡುತ್ತ ಅವು ತಾವಾಗಿಯೇ ಒಡೆದುಹೋದವು. ಕಾಕು ಮಾತ್ರ ಥಂಡಿಯ ದಿನಗಳಲ್ಲಿ ಕೋಟು ಹಾಕಿಕೊಂಡು ದಂಡೆಯ ಮೇಲೆ ಹೋಗಿ ಬರುವುದನ್ನು ಬಿಡಲಿಲ್ಲ. ಆಕೆ ತೀರಿಕೊಂಡಾಗ ನಾನು ಮುಧೋಳದಲ್ಲಿ ನಿಮ್ಮ ಅತ್ತೆಯ, ಅಂದರೆ ನನ್ನ ಮಗಳ, ಬಾಣಂತನಕ್ಕೆ ಹೋಗಿದ್ದೆ. ಕಡೆಯ ಸಲ ಮುಖ ನೋಡಲಾಗಲಿಲ್ಲ. ಕೋಟು ಏನಾಯಿತೋ... ಯಾರೂ ಹೇಳಲಿಲ್ಲ.

ಆ ದಂಡೆ ಈಗ ಇಲ್ಲ. ಹಿಪ್ಪರಗಿಯಲ್ಲಿ ಒಡ್ಡು ಕಟ್ಟಿದ ಮೇಲೆ ಪಾವಟಿಗೆ, ದೋಣಿ ಕಟ್ಟೆ, ಜಾಲಿಗಿಡ ಎಲ್ಲ ನೀರಿನ ಕೆಳಗೆ ಹೋದವು. ನಿಮ್ಮ ಅಜ್ಜ ಹೋದಾಗಿನಿಂದ ನಾನು ಬೆಳಗಿನ ಹೊತ್ತು ಹೊರಗೆ ಬಂದದ್ದೇ ಕಡಿಮೆ. ಕೆಲಸಕ್ಕೆ ಹೊರಟವರಿಗೆ ಯಾಕೆ ಎದುರಾಗಬೇಕು ಎಂದು ಒಳಗೇ ಇದ್ದುಬಿಡುತ್ತಿದ್ದೆ. ಯಾರೂ ನನಗೆ ಏನೂ ಅಂದಿಲ್ಲ. ನೀವು ಅದನ್ನು ಗುರುತಿಸಿಯೇ ಸ್ವೆಟರು ತಂದಿರಿ, ಬೆಳಿಗ್ಗೆ ವಾಕಿಂಗ್ ಹೋಗು ಅಜ್ಜಿ ಎಂದು.

ಇವತ್ತು ಹೋಗಿದ್ದೆ. ಸ್ವೆಟರು ಇನ್ನೂ ಒಂದಿಷ್ಟು ಹಸಿಯಿತ್ತು, ಹಾಗೆಯೇ ಹಾಕಿಕೊಂಡೆ. ನೀರಿನ ಬದಿಯ ಹೊಸ ರಸ್ತೆಯಲ್ಲಿ ಮಂಜಿನೊಳಗಿಂದ ಒಬ್ಬ ಹುಡುಗಿ ಗಡಿಬಿಡಿಯಿಂದ ಬಸ್ಸಿಗೆ ಹೊರಟವಳು ಎದುರು ಬಂದಳು. ನನ್ನ ಕಾಲು ತಾನಾಗಿಯೇ ಬದಿಗೆ ಸರಿಯಿತು. ಇಳಿಯಲು ಅಲ್ಲಿ ಗಿಡ ಇರಲಿಲ್ಲ, ಬರೀ ನೀರು. ನೀರನ್ನು ನೋಡುತ್ತ ಒಂದು ಗಳಿಗೆ ನಿಂತೆ. ಆಮೇಲೆ ಮತ್ತೆ ರಸ್ತೆಯ ಮೇಲೆ ಬಂದು ನನ್ನ ಬದಿಯಿಂದ ನಡೆದೆ. “ಆರಾಮ ಅದೀರಿ ಅಮ್ಮಾ?” ಎಂದು ಕೇಳಿ ಆ ಹುಡುಗಿ ದಾಟಿ ಹೋದಳು. ರಸ್ತೆ ಮುಗಿಯುವವರೆಗೆ ಹೋಗಿ ತಿರುಗಿ ಬಂದೆ. ಕೈಯಲ್ಲಿ ಏನೂ ಹಿಡಿದಿರಲಿಲ್ಲ.