ಹೆಬೆರ್ ತೆಚೆರಾನ ಹುಲ್ಲಿನ ಗುಪ್ಪೆ

ಡುರಾಸ್ನೊ ಊರಿನಲ್ಲಿ ಹೆಬೆರ್ ತೆಚೆರಾ ಯಾರು ಅಂತ ಕೇಳಿದರೆ, ಊರವರ ಅಂಗಳದ ಹುಲ್ಲು ಕತ್ತರಿಸಿ ಅದನ್ನು ತನ್ನ ಮನೆಗೇ ಹೊತ್ತುಕೊಂಡು ಹೋಗುವವನು ಅನ್ನುತ್ತಾರೆ. ಆ ಕಸುಬಿನ ಬೇರೆಯವರು ಚೀಲ ಕಟ್ಟಿ ಬೀದಿಬದಿಗಿಟ್ಟು ಕೈ ತೊಳೆದುಕೊಳ್ಳುತ್ತಾರೆ. ಇವನಿಗೆ ಅದಾಗದು. ಇವನ ಹಿತ್ತಲಲ್ಲಿರುವುದು ಮಣ್ಣಲ್ಲ, ಹಳೇ ಕಟ್ಟಡದ ಇಟ್ಟಿಗೆ ಚೂರು ಮತ್ತು ಗಾರೆ. ಎರಡು ವರ್ಷ ನೆಟ್ಟ ಟೊಮೆಟೊ ಗಿಡ ಮೊಣಕಾಲೆತ್ತರ ಬರುವ ಮುಂಚೆಯೇ ಹಳದಿ ತಿರುಗಿತು. ಮಣ್ಣನ್ನು ಕೊಂಡು ತರುವುದೆಂದರೆ ಅವನಿಗೆ ನಾಚಿಕೆ. ಹುಲ್ಲು ಕೊಳೆಸಿ ತಾನೇ ಮಾಡಬೇಕು, ಹೇಗಾಗುತ್ತದೆಂದು ಕಣ್ಣಾರೆ ನೋಡಬೇಕು.

ಬೇಸಿಗೆ ಮುಗಿಯುವಷ್ಟರಲ್ಲಿ ಗುಪ್ಪೆ ಎದೆಯೆತ್ತರವಾಯಿತು. ಬೀದಿಯವರೂ ಕೈ ಜೋಡಿಸಿದರು. ಮನೆಮನೆಯಲ್ಲೂ ಚಹಾದಂತೆ ಬಿಸಿನೀರು ಹಾಕಿ ಕುಡಿದು ಮುಗಿಸಿದ ಮಾಟೆ ಸೊಪ್ಪಿನ ಚರಟ ದಿನವೂ ಬಂದು ಅದರ ಮೇಲೆ ಬಿತ್ತು. ಮಾಟೆಗೆಂದು ಫ್ಲಾಸ್ಕಿನಲ್ಲಿಟ್ಟು ಉಳಿದ ನೀರನ್ನೂ ಹೆಬೆರ್ ಅಲ್ಲೇ ಸುರಿದ. ಮೇಲೆ ಹತ್ತಿ ಬೂಟುಗಾಲಲ್ಲಿ ಚೆನ್ನಾಗಿ ತುಳಿದ.

ಎರಡು ವಾರಕ್ಕೆ ಗುಪ್ಪೆ ನಾರತೊಡಗಿತು. ಮೂಗು ಮುಚ್ಚಿದರೂ ಬಾಯಲ್ಲಿ ರುಚಿ ಹತ್ತುವಂಥ ನಾತ. ಪಕ್ಕದ ಮನೆಯ ಮುದುಕಿ ನೆಲ್ಬಾ, ಊರವರು ಮರ್ಯಾದೆಗೆ ದೋನ್ಯಾ ಅನ್ನುವವಳು, ಗೋಡೆಯ ಮೇಲಿಂದ ತಲೆ ಹಾಕಿದಳು.

"ಏನೋ ಹೆಬೆರ್, ಹಸು ಗಿಸು ಹೂತಿದ್ದೀಯಾ?"

"ಹುಲ್ಲು ದೋನ್ಯಾ, ಬರೀ ಹುಲ್ಲು."

"ಹುಲ್ಲಂತೆ. ಹಸು ತಿಂದು ಹಾಕಿದ್ದೇ ಇದಕ್ಕಿಂತ ವಾಸಿ. ಒಗೆದು ಒಣಗಿಸಿದ ಬಟ್ಟೇನ ಮತ್ತೆ ಒಗೆದೆ. ಶುಕ್ರವಾರ ನಗರಸಭೆ ಲಾರಿ ಬರತ್ತೆ, ಹೇಳಿಟ್ಟಿದ್ದೀನಿ. ಅಷ್ಟರಲ್ಲಿ ನಾತ ಹೋಗ್ಬೇಕು, ಇಲ್ಲಾ ಗುಪ್ಪೆ ಹೋಗ್ಬೇಕು."

ಅವತ್ತು ಸೋಮವಾರ.

ಹೆಬೆರ್‌ಗೆ ಸಿಟ್ಟಿಗಿಂತ ಸೋಜಿಗವೇ ಹೆಚ್ಚಾಯಿತು. ಊರಂಚಿನ ಯೀ ಎಂಬ ಹೊಳೆಯ ದಂಡೆಯಲ್ಲೂ ವರ್ಷಗಟ್ಟಲೆ ಎಲೆ ಬಿದ್ದು ಕೊಳೆಯುತ್ತದೆ, ಅಲ್ಲಿ ಯಾಕೆ ನಾರುವುದಿಲ್ಲ? ಮಾಂಸ ಸುಡುವ ಕಬ್ಬಿಣದ ಕಂಬಿಯನ್ನು ಗುಪ್ಪೆಗೆ ಚುಚ್ಚಿ ಎಳೆದ. ತಣ್ಣಗಿತ್ತು, ಕಪ್ಪು ಲೋಳೆ ಅಂಟಿತ್ತು. ಕವೆಗೋಲಿನಿಂದ ಎತ್ತಿದರೆ ಹುಲ್ಲು ನೆನೆದ ಕಾಗದದ ಕಟ್ಟಿನಂತೆ ಪದರ ಪದರವಾಗಿ ಎದ್ದು ಬಂತು.

ಯೋಚಿಸಲು ಕೂತು ಮಾಟೆ ಹಾಕಿಕೊಂಡ. ಸೋರೆಬುರುಡೆಯಲ್ಲಿ ಸೊಪ್ಪನ್ನು ಒಂದು ಕಡೆಗೆ ಗುಡ್ಡದಂತೆ ಒರಗಿಸಿ ಬುಡಕ್ಕಷ್ಟೇ ನೀರು ಬಿಟ್ಟ. ಗುಡ್ಡದ ತಲೆ ಒಣಗಿಯೇ ಇರಬೇಕು. ಎಲ್ಲ ಒಟ್ಟಿಗೆ ನೆನೆದರೆ ಎರಡೇ ಗುಟುಕಿಗೆ ರುಚಿ ಹೋಗಿ ಮಾಟೆ ಸತ್ತಹಾಗೆ. ಅದು ಆ ಊರಲ್ಲಿ ಮಗುವಿಗೂ ಗೊತ್ತು. ನೀರು ಬಿಡುತ್ತಿದ್ದ ಕೈ ಅರ್ಧಕ್ಕೇ ನಿಂತಿತು. ಗೋಡೆಯಾಚೆಗೆ ಕೂಗಿ ಹೇಳಿದ.

"ದೋನ್ಯಾ, ನಾನು ಗುಪ್ಪೇನ ಪೂರ್ತಿ ಮುಳುಗಿಸಿಬಿಟ್ಟಿದ್ದೀನಿ. ಒಣಗಿದ್ದು ಅನ್ನೋದು ಒಂದು ಚೂರೂ ಇಲ್ಲ. ಅದಕ್ಕೆ ಉಸಿರೆಲ್ಲಿಂದ ಬರ್ಬೇಕು?"

"ಅರವತ್ತು ವರ್ಷ ಮಾಟೆ ಕುಡಿದು ಇವತ್ತು ಗೊತ್ತಾಯ್ತಾ?"

"ಐವತ್ತೆಂಟು."

ಮಂಗಳವಾರ ಬೀದಿಯ ಮರಗಳು ಉದುರಿಸಿದ ಒಣ ಎಲೆಯನ್ನೆಲ್ಲ ಗುಡಿಸಿ ತಂದ. ತಳಕ್ಕೆ ಕಡ್ಡಿಗಳನ್ನು ಅಡ್ಡಡ್ಡ ಹಾಸಿದ. ಒಂದು ಬುಟ್ಟಿ ಹುಲ್ಲಿಗೆ ಎರಡು ಬುಟ್ಟಿ ಎಲೆ ಸೇರಿಸಿ, ಕೆದಕಿ ಕೆದಕಿ ಹೊಸದಾಗಿ ಒಟ್ಟಿದ. ತುಳಿಯಲಿಲ್ಲ. ಚರಟ ತಂದವರನ್ನೆಲ್ಲ "ಬಿಸಿಲಿಗೆ ಒಣಗಿಸಿ ತನ್ನಿ" ಅಂತ ವಾಪಸು ಕಳಿಸಿದ. ಬುಧವಾರ ಕಂಬಿ ಉಗುರುಬೆಚ್ಚಗಿತ್ತು. ಗುರುವಾರ ಕಂಬಿಯ ಬಿಸಿಗೆ ಹಿಡಿದ ಕೈಯನ್ನು ಕೊಡವಿಕೊಂಡ. ಕೊಡವಿಕೊಂಡು, ನಿಜವೇ ಅಂತ ಇನ್ನೊಮ್ಮೆ ಹಿಡಿದ.

ಶುಕ್ರವಾರ ಬೆಳಿಗ್ಗೆ ಲಾರಿ ಬಂತು. ಡ್ರೈವರು ದೋನ್ಯಾ ನೆಲ್ಬಾಳ ಹಿಂದೆ ಹಿತ್ತಲಿಗೆ ಬಂದು ಗಾಳಿ ಮೂಸಿದ.

"ನಾರೋದು ಯಾವುದಮ್ಮಾ?"

ಚಳಿಗೆ ಗುಪ್ಪೆಯ ನೆತ್ತಿಯಿಂದ ತೆಳ್ಳಗೆ ಹಬೆ ಏಳುತ್ತಿತ್ತು. ಮುದುಕಿ ಬಗ್ಗಿ ಮೂಗಿಟ್ಟಳು. ಮಳೆ ಬಿದ್ದ ಎಲೆಯ ವಾಸನೆ, ಅಷ್ಟೇ. ಅವಳು ಒಂದು ಮಾತು ಅಂದರೆ ಲಾರಿ ಎಲ್ಲವನ್ನೂ ಗೋರಿಕೊಂಡು ಹೋಗುತ್ತದೆ. ಹೆಬೆರ್ ಕಂಬಿ ಹಿಡಿದೇ ನಿಂತ.

"ಆ ಕಂಬಿ ಕೊಡು ಇಲ್ಲಿ" ಅಂದಳು. ಚುಚ್ಚಿ, ಸ್ವಲ್ಪ ಹೊತ್ತು ಬಿಟ್ಟು, ಎಳೆದು ಮುಟ್ಟಿ ತಟ್ಟನೆ ಕೈ ಹಿಂದೆಗೆದಳು. "ಒಳಗೆ ಒಲೆ ಹಚ್ಚಿದ್ದೀಯೇನೋ?"

"ನಾನಲ್ಲ. ಅದೇ ಹಚ್ಚಿಕೊಂಡಿದೆ."

ಮುದುಕಿ ಡ್ರೈವರನ ಕಡೆ ತಿರುಗಿದಳು. "ನಮ್ಮನೇಲೊಂದು ಮುರುಕು ಬೀರು ಇದೆ ಕಣಪ್ಪ. ಬಂದದ್ದಕ್ಕೆ ಅದನ್ನ ಒಯ್ಯಿ."

ಲಾರಿ ಹೋದ ಮೇಲೂ ಅವಳು ಹೋಗಲಿಲ್ಲ. "ಎಷ್ಟು ದಿನ ಹೀಗೆ ಸುಡತ್ತೆ ಇದು?"

"ಗೊತ್ತಿಲ್ಲ ದೋನ್ಯಾ. ನಾಳೆ ಬನ್ನಿ, ನೋಡೋಣ."